ಒಂದು ಹುಬ್ಬಿಗೆ ಕೊಟ್ಟ ಮನೆ

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಅಕ್ಕಿ ಮಿಲ್ಲು ಇಟ್ಟುಕೊಂಡಿರುವ ಸಂಗನಬಸವನಿಗೆ ಐವತ್ತು ದಾಟಿದ ಮೇಲೆ ಹಾಲಿವುಡ್ ಅಂಟಿಕೊಂಡಿತು. ಅವನ ಓರಗೆಯ ಸಾಹುಕಾರರಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು, ಒಬ್ಬಿಬ್ಬರಿಗೆ ರಾಜಕೀಯ. ಇವನಿಗೆ ಮಾತ್ರ ಅಮೆರಿಕದ ಹಳೇ ಸಿನಿಮಾಗಳ ಪೋಸ್ಟರ್ ಹುಚ್ಚು. ಅದಕ್ಕೆ ಔಷಧ ಕೊಡುವ ಡಾಕ್ಟರು ಜಿಲ್ಲೆಯಲ್ಲೇ ಇರಲಿಲ್ಲ.

ಹುಚ್ಚು ಹಿಡಿದದ್ದು ಹೈದರಾಬಾದಿನಲ್ಲಿ. ಇವನ ಮಿಲ್ಲಿನ ಅಕ್ಕಿ ಕೊಳ್ಳುವ ದೊಡ್ಡ ವ್ಯಾಪಾರಿಯೊಬ್ಬ ಮಗನ ನಿಶ್ಚಿತಾರ್ಥಕ್ಕೆ ಕರೆದಿದ್ದ. ಸಂಗನಬಸವ ರೇಷ್ಮೆ ಅಂಗಿ ತೊಟ್ಟು, ಬೆರಳಿಗೆ ಉಂಗುರಗಳನ್ನೇರಿಸಿಕೊಂಡು ಹೋದ. ಹೋದರೆ ಅಲ್ಲಿ ಅವನನ್ನು ನೋಡುವವರೇ ಇಲ್ಲ. ಇದ್ದಬದ್ದ ಮಂದಿಯೆಲ್ಲ ಗ್ಲಾಸು ಹಿಡಿದು ಒಂದು ಗೋಡೆಯ ಮುಂದೆ ನಿಂತಿದ್ದರು. ಗೋಡೆಯ ಮೇಲೆ ಟೋಪಿ ಓರೆ ಮಾಡಿಕೊಂಡ ಒಬ್ಬ ಗಂಡಸು, ಅವನ ಹೆಗಲಿಗೆ ತಲೆಯಿಟ್ಟ ಒಬ್ಬ ಹೆಂಗಸು. ಮನೆಯೊಡೆಯ ಆ ಕಾಗದದ ಕುಲಗೋತ್ರವನ್ನು ಅರ್ಧ ತಾಸು ಹೇಳಿದ. ಊಟದ ಬಿರಿಯಾನಿ ಸಂಗನಬಸವನ ಅಕ್ಕಿಯದು, ಆದರೂ ಅಕ್ಕಿಯ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ತಾನೂ ಏನಾದರೂ ಅನ್ನಬೇಕೆಂದು ಇವನು, ಇದು ಯಾವ ಅಂಗಡಿಯ ಕ್ಯಾಲೆಂಡರು ಎಂದು ಕೇಳಿದ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಮೆಲ್ಲಗೆ ನಕ್ಕಳು. ಜೋರಾಗಿ ನಕ್ಕಿದ್ದರೆ ಮರೆತುಬಿಡುತ್ತಿದ್ದನೇನೋ. ಆ ಮೆಲುನಗೆ ಮಾತ್ರ ಕಾರಿನಲ್ಲಿ ಅವನ ಪಕ್ಕದಲ್ಲೇ ಕೂತು ಸಿಂಧನೂರಿನ ತನಕ ಬಂತು.

ಮಗಳು ಅಮೂಲ್ಯಾ ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಅವಳ ಫೋನಿನಲ್ಲಿ ಮೊದಲ ಪೋಸ್ಟರು ತರಿಸಿದ. ಉದ್ದನೆಯ ಕೊಳವೆಯಲ್ಲಿ ಸುತ್ತಿ ಬಂದದ್ದನ್ನು ನೋಡಿ ಕೊಡೆ ಬಂದಿದೆ ಎಂದುಕೊಂಡು ಒಂದು ದಿನ ಬಾಗಿಲ ಮೂಲೆಯಲ್ಲೇ ಇಟ್ಟಿದ್ದರು. ಆಮೇಲೆ ವಾರಕ್ಕೊಂದು ಕೊಳವೆ ಬರತೊಡಗಿತು. ಕುದುರೆ ಏರಿದವರು, ಪಿಸ್ತೂಲು ಹಿಡಿದವರು, ಬೆನ್ನು ಬಿಟ್ಟುಕೊಂಡು ಸಿಗರೇಟು ಸೇದುವ ಹೆಂಗಸರು. ಮನೆಯ ಹಾಲ್‌ನ ಗೋಡೆ ತುಂಬಿ ಮೆಟ್ಟಿಲಿಗೂ ಹತ್ತಿದರು. ಒಂದು ಪೋಸ್ಟರಿನ ತಳದಲ್ಲಿ ಅದನ್ನು ಅಚ್ಚು ಹಾಕಿದ ಪ್ರೆಸ್ಸಿನ ಹೆಸರೂ ಈ ವರ್ಷದ ಇಸವಿಯೂ ಸಣ್ಣ ಅಕ್ಷರದಲ್ಲಿ ಇದ್ದವು. ಅಮೂಲ್ಯಾ ಅದನ್ನು ತೋರಿಸಿದಳು. ಸಂಗನಬಸವ ಬಡಿಗೇರನಿಗೆ ಹೇಳಿ ಆ ಅಕ್ಷರಗಳ ಮೇಲೆ ಬರುವಂತೆ ಚೌಕಟ್ಟಿನ ಪಟ್ಟಿಯನ್ನು ಒಂದು ಬೆರಳು ಅಗಲ ಮಾಡಿಸಿದ. ಹೊಸ ಶಾಯಿಯ ವಾಸನೆ ಮಾತ್ರ ಪಟ್ಟಿಯಿಂದ ಮುಚ್ಚಲಿಲ್ಲ. ಮೂಗು ಅರಳಿಸಿದವರಿಗೆಲ್ಲ ಅವನು, ಹಳೇ ಕಾಗದ ಅಂದಮೇಲೆ ಹಿಂಗೇ ನಾರೋದು ಎಂದು ಹೇಳಿದ.

ಹೆಂಡತಿ ಬಸವಣ್ಣೆಮ್ಮ ದಿನಾ ಲಿಂಗಪೂಜೆ ಮಾಡದೆ ನೀರು ಬಾಯಿಗೆ ಹಾಕದ ಹೆಣ್ಣುಮಗಳು. ಪೂಜೆಗೆ ಕೂತರೆ ಎದುರಿಗೆ ಸಿಗರೇಟಿನ ಹೊಗೆ. ಅವಳು ಜಗಳವಾಡಲಿಲ್ಲ. ಹಳೇ ಇಳಕಲ್ ಸೀರೆ ಕತ್ತರಿಸಿ ಒಂದೊಂದು ಪೋಸ್ಟರಿಗೂ ಒಂದೊಂದು ಪರದೆ ಹೊಲಿದು ಹಾಕಿದಳು. ಹಾಲ್ ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ಸಿನಂತೆ ಕಾಣತೊಡಗಿತು. ಮಂದಿ ಬಂದಾಗ ಸಂಗನಬಸವ ಒಂದೊಂದೇ ಪರದೆ ಸರಿಸಿ ತೋರಿಸುವುದು, ಹೋದ ಮೇಲೆ ಅವಳು ಒಂದೊಂದೇ ಮುಚ್ಚುವುದು. ಲಗ್ನಪತ್ರಿಕೆ ಕೊಡಲು ಬಂದವರಿಗೂ ಈ ತೇರು ಮುಗಿಯುವ ತನಕ ಚಹಾ ಇಲ್ಲ. ಯಾವುದೋ ವಿಡಿಯೋದಲ್ಲಿ ಕೇಳಿದ ಮೂರು ಮಾತುಗಳನ್ನು ಅವನು ಬಾಯಿಪಾಠ ಮಾಡಿದ್ದ. ಬೆಳಕು ನೆರಳಿನ ಆಟ ನೋಡ್ರಿ, ಇದನ್ನ ಕಲ್ಲಿನ ಮ್ಯಾಲೆ ಅಚ್ಚು ಹಾಕ್ತಿದ್ರು, ಈಗಿನವ್ರಿಗೆ ಇದು ಬರಂಗಿಲ್ಲ. ನೋಡುತ್ತಿರುವುದು ಕುದುರೆಯಾದರೂ ಅದೇ, ಹಡಗಾದರೂ ಅದೇ. ಬ್ಯಾಂಕಿನ ಮ್ಯಾನೇಜರು ತಲೆದೂಗಿದರು, ಗಂಜ್ ಮಾರುಕಟ್ಟೆಯ ದಲಾಲರು ತಲೆದೂಗಿದರು. ಅವನ ಮಿಲ್ಲಿನ ಕಡೆಯಿಂದ ಏನಾದರೂ ಆಗಬೇಕಾದವರು ಊರಲ್ಲಿ ಬಹಳ ಮಂದಿ ಇದ್ದರು.

ಆ ಸಿನಿಮಾಗಳಲ್ಲಿ ಒಂದನ್ನೂ ಅವನು ನೋಡಿರಲಿಲ್ಲ. ನೋಡಲು ಕೂತದ್ದೇನೋ ನಿಜ. ಅಮೂಲ್ಯಾ ಟೀವಿಯಲ್ಲಿ ಹಾಕಿ ಕೊಡುತ್ತಿದ್ದಳು. ಆ ಕಾಲದ ಸಿನಿಮಾಗಳಲ್ಲಿ ಮೊದಲಿಗೇ ಎಲ್ಲರ ಹೆಸರುಗಳು ಬರುತ್ತವೆ. ಹೆಸರುಗಳು ಮುಗಿಯುವುದರೊಳಗೆ ಅವನು ಗೊರಕೆ ಹೊಡೆಯುತ್ತಿದ್ದ.

ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿಯ ಪಂಪಣ್ಣ ಅಂತ ಒಬ್ಬನಿದ್ದ. ಸಂಗನಬಸವನಿಗೆ ಹಳೇ ಪರಿಚಯ, ದೂರದ ಬೀಗತನವೂ ಇತ್ತು. ಒಮ್ಮೆ ಮನೆಗೆ ಬಂದವನು ಎಲ್ಲ ಪರದೆಗಳ ಹಿಂದೆ ಇಣುಕಿ, ಒಂದು ಚೌಕಟ್ಟಿನ ಅಗಲವನ್ನು ಗೇಣಿನಲ್ಲಿ ಅಳೆದು ಹೋದ. ಮುಂದಿನ ದೀಪಾವಳಿಯ ಹೊತ್ತಿಗೆ ಅವನ ಅಂಗಡಿಯ ಸೀರೆ ವಿಭಾಗದಲ್ಲಿ ಇವನದಕ್ಕಿಂತ ಎರಡು ಗೇಣು ದೊಡ್ಡ ಹಾಲಿವುಡ್ ಸುಂದರಿಯರು ನೇತಾಡುತ್ತಿದ್ದರು. ಸೀರೆ ಕೊಳ್ಳಲು ಬಂದ ಹೆಂಗಸರು ಅವರನ್ನು ನೋಡಿ, ಇದೇನು ಇವರಿಗೆ ಉಡಲು ಅಂಗಡಿಯಲ್ಲಿ ಏನೂ ಇಲ್ಲವೇ ಎಂದು ಕೇಳಿದರಂತೆ. ಪಂಪಣ್ಣ ಲೆಕ್ಕಿಸಲಿಲ್ಲ. ಎಲ್ಲವೂ ಒರಿಜಿನಲ್ ಎಂದು ಊರಿಗೆಲ್ಲ ಹೇಳಿದ. ಅಂದಿನಿಂದ ಸಂಗನಬಸವನಿಗೆ ಅನ್ನ ರುಚಿಸಲಿಲ್ಲ. ತನ್ನವು ಒರಿಜಿನಲ್ ಅಲ್ಲವೆಂಬುದು ಅವನಿಗೆ ಗೊತ್ತಿತ್ತು, ಪಂಪಣ್ಣನವೂ ಅಲ್ಲವೆಂಬುದೂ ಗೊತ್ತಿತ್ತು. ಇಬ್ಬರೂ ಬಾಯಿಬಿಡುವಂತಿರಲಿಲ್ಲ. ಈಗ ಬೇಕಾಗಿದ್ದದ್ದು ನಿಜವಾಗಿಯೂ ಹಳೆಯದಾದ ಒಂದು ಪೋಸ್ಟರು.

ಅದರ ಸುದ್ದಿ ತಂದವನು ಮಸ್ಕಿಯ ಗೌಂಡಿ ಮುಷರಫ್. ಮಿಲ್ಲಿನ ಗೋದಾಮಿನ ಗೋಡೆಗೆ ಸಿಮೆಂಟು ಗಿಲಾಯಿ ಮಾಡಲು ಬಂದಿದ್ದ. ಕೂಲಿ ತೆಗೆದುಕೊಳ್ಳಲು ಮನೆಗೆ ಬಂದಾಗ ಅವನಿಗೂ ತೇರು ತಪ್ಪಲಿಲ್ಲ. ಎಲ್ಲ ನೋಡಿ, ಇಂಥವು ತಮ್ಮ ಮನೆಯಲ್ಲಿ ಗೋಡೆ ತುಂಬ ಅದಾವೆ, ಅಪ್ಪ ಹಚ್ಚಿದ್ದು ಎಂದ. ಅವನ ಅಪ್ಪ ಅಮೀನ್‌ಸಾಬರು ಮಸ್ಕಿಯ ಟೂರಿಂಗ್ ಟಾಕೀಸಿನಲ್ಲಿ ಪಿಕ್ಚರ್ ಓಡಿಸುತ್ತಿದ್ದವರು. ಹೈದರಾಬಾದಿನಲ್ಲಿ ಓಡಿ, ರಾಯಚೂರಿನಲ್ಲಿ ಓಡಿ, ಸವೆದು ಗೀರುಬಿದ್ದ ಇಂಗ್ಲಿಷ್ ಪಿಕ್ಚರುಗಳು ಕಡೆಗೆ ಅಲ್ಲಿಗೆ ಬರುತ್ತಿದ್ದವು. ಟಾಕೀಸು ಮುಚ್ಚಿದಾಗ ಉಳಿದ ಪೋಸ್ಟರುಗಳನ್ನು ಅವರು ಮನೆಗೆ ಒಯ್ದಿದ್ದರು.

ಸಂಗನಬಸವ ಮರುದಿನವೇ ಮಸ್ಕಿಗೆ ಹೋದ. ಗುಡ್ಡದ ಬುಡದ ಓಣಿಯಲ್ಲಿ ಮಣ್ಣಿನ ಮನೆ. ಅಮೀನ್‌ಸಾಬರು ಲುಂಗಿ ಬನಿಯನ್ನಿನಲ್ಲಿ ಹೊರಸಿನ ಮೇಲೆ ಕೂತಿದ್ದರು. ಒಳಗೆ ಹೋಗಿ ನೋಡಿದರೆ ಗೋಡೆಯೆಲ್ಲ ಸುಣ್ಣ. ಅಷ್ಟರಲ್ಲಿ ಸಂಗನಬಸವನಿಗೆ ಫೋನು ಬಂತು. ಅಕ್ಕಿ ಲಾರಿಯೊಂದು ಕಾರಟಗಿಯ ಹತ್ತಿರ ಕೆಟ್ಟು ನಿಂತಿತ್ತು, ಅವನು ಡ್ರೈವರನಿಗೆ ಬೈಯತೊಡಗಿದ. ಅವನು ಬೈಯುತ್ತಿರುವಾಗಲೇ ಅಮೀನ್‌ಸಾಬರು ಹೇಳಬೇಕಾದದ್ದನ್ನು ಹೇಳಿದರು.

"ಚಿತ್ರ ಎಲ್ಲಾ ಗೋಡಿ ಕಡೆ ಮಾರಿ ಮಾಡ್ಯಾವ್ರಿ ಸಾಹುಕಾರ್ರೇ. ನಮ್ಮಮ್ಮ ನಮಾಜಿಗೆ ಕುಂದ್ರೋ ಖೋಲಿ ಇದು, ಎದುರಿಗೆ ಮಾರಿ ಕಾಣಬಾರ್ದು ಅಂದ್ಲು. ಮಣ್ಣು ಉದುರಬಾರ್ದಂತ ತಿರುವಿ ಹಚ್ಚೀನಿ, ಮ್ಯಾಲೆ ಸುಣ್ಣ ಹೊಡೆದೀನಿ."

ಸಂಗನಬಸವ ಹೂಂ ಹೂಂ ಎಂದು ತಲೆಯಾಡಿಸಿದ. ಆ ಹೂಂ ಅವರಿಗೋ ಡ್ರೈವರನಿಗೋ ದೇವರಿಗೇ ಗೊತ್ತು. ಅವನ ಕಣ್ಣು ಗೋಡೆಯ ಒಂದು ಮೂಲೆಯಲ್ಲಿ ನೆಟ್ಟಿತ್ತು. ಅಲ್ಲಿ ಅಂಟು ಹತ್ತದ ಕಾಗದದ ತುದಿಯೊಂದು ಮಡಚಿ ಹೊರಗೆ ಬಗ್ಗಿತ್ತು. ಅದರ ಮೇಲೆ ಒಂದು ಹುಬ್ಬು. ತೆಳ್ಳಗೆ, ಬಿಲ್ಲಿನಂತೆ ಬಾಗಿದ, ಮೇಲಕ್ಕೆ ಎತ್ತಿದ ಹುಬ್ಬು. ಅದರ ಕೆಳಗೆ ರೆಪ್ಪೆಯ ಒಂದು ಗೆರೆ. ಬಣ್ಣ ಮಾಸಿತ್ತು, ಕಾಗದ ಹಳದಿಯಾಗಿತ್ತು, ಯಾವ ವಾಸನೆಯೂ ಇರಲಿಲ್ಲ. ಸಂಗನಬಸವ ಡ್ರೈವರನಿಗೆ ಬೈಯುವುದನ್ನೇ ಬಿಟ್ಟ. ಹೈದರಾಬಾದಿನ ಆ ನಗೆಗೆ ಉತ್ತರ ಈ ಗೋಡೆಯಲ್ಲಿದೆ ಅನ್ನಿಸಿತು.

ಗೋಡೆ ಬೇಕು ಅಂದ. ಗೋಡೆ ತೆಗೆದರೆ ಮಾಳಿಗೆ ಕೂತುಬಿಡುತ್ತದೆ, ನಾವು ಎಲ್ಲಿರೋಣ ಎಂದು ಮುಷರಫ್ ಕೇಳಿದ. ನ್ಯಾಯದ ಪ್ರಶ್ನೆ. ಪಕ್ಕದ ಖಾಲಿ ಜಾಗದಲ್ಲಿ ಸಿಮೆಂಟಿನದೊಂದು ಖೋಲಿ ಕಟ್ಟಿಸಿ ಕೊಡುತ್ತೇನೆ ಎಂದು ಸಂಗನಬಸವ ಮಾತು ಕೊಟ್ಟ. ಕೊಟ್ಟು ಸುಮ್ಮನೆ ಮನೆಗೆ ಬಂದಿದ್ದರೆ ಒಂದು ಖೋಲಿಗೆ ಮುಗಿಯುತ್ತಿತ್ತು. ಅವನು ಆ ಹುಬ್ಬಿನ ಫೋಟೋ ತೆಗೆದು ಪಂಪಣ್ಣನಿಗೆ ಕಳಿಸಿದ.

ಪಂಪಣ್ಣನಿಗೆ ಮಸ್ಕಿ ದೂರವೇನೂ ಅಲ್ಲ. ಮಧ್ಯಾಹ್ನವೇ ಬಂದು ಒಂದು ಖೋಲಿಯ ಬದಲು ಎರಡು ಅಂದ. ಮುಷರಫ್ ಯಾರಿಗೂ ಸುಳ್ಳು ಹೇಳುವ ಪೈಕಿಯವನಲ್ಲ. ಇವನು ಹೇಳಿದ್ದನ್ನು ಅವನಿಗೆ, ಅವನು ಹೇಳಿದ್ದನ್ನು ಇವನಿಗೆ ಅಕ್ಷರವೂ ತಪ್ಪದಂತೆ ತಲುಪಿಸಿದ. ಸಿಂಧನೂರಿನವರು ಅಡಿಗೆಮನೆ ಸೇರಿಸಿದರು. ಲಿಂಗಸುಗೂರಿನವರು ಟೈಲ್ಸ್ ಅಂದರು. ಸಿಂಧನೂರಿನವರು ನೀರಿನ ಟಾಕಿ, ಲಿಂಗಸುಗೂರಿನವರು ಮೇಲೇರಲು ಮೆಟ್ಟಿಲು. ಬಚ್ಚಲಿನ ಗೀಸರ್ ತನಕ ಹೋದಾಗ ಅಮೀನ್‌ಸಾಬರಿಗೇ ನಾಚಿಕೆಯಾಯಿತು. ಅವರು ಇಬ್ಬರಿಗೂ ಒಂದೊಂದು ಗೋಡೆ ಎಂದು ಪಂಚಾಯಿತಿ ಮಾಡಿದರು. ಹುಬ್ಬು ಇದ್ದ ಪಡುವಣ ಗೋಡೆ ಸಂಗನಬಸವನಿಗೆ, ಮೂಡಣದ್ದು ಪಂಪಣ್ಣನಿಗೆ. ಆಡಿದ್ದೆಲ್ಲ ಆಡಿದ ಹಾಗೆ ಕಟ್ಟಿಸಬೇಕು. ಅವತ್ತೂ ಅವರು ಚಿತ್ರ ತಿರುವಿ ಹಚ್ಚಿದ ವಿಷಯ ತೆಗೆದರು. ಇಬ್ಬರು ಸಾಹುಕಾರರೂ ಗೀಸರ್ ಯಾರ ಪಾಲಿಗೆ ಎಂಬ ಮಾತಿನಲ್ಲಿದ್ದರು.

ಆ ಬೇಸಿಗೆಯಲ್ಲಿ ಮನೆ ಎದ್ದಿತು. ಕಟ್ಟಿದವನು ಮುಷರಫನೇ, ಕೂಲಿ ಎರಡೂ ಕಡೆಯಿಂದ. ಮುಂದಿನ ಅರ್ಧಕ್ಕೆ ಸಂಗನಬಸವ ಹಸಿರು ಬಣ್ಣ ಹೇಳಿದ, ಹಿಂದಿನ ಅರ್ಧಕ್ಕೆ ಪಂಪಣ್ಣ ಕಿತ್ತಳೆ ಬಣ್ಣ ಹೇಳಿದ. ನಡುವಿನ ಬಾಗಿಲು ಯಾರದೆಂಬ ತಕರಾರಿನಲ್ಲಿ ಬಹಳ ದಿನ ಬಣ್ಣವಿಲ್ಲದೆ ಉಳಿಯಿತು. ಊರವರು ಅದನ್ನು ನೋಡಲು ಬರುತ್ತಿದ್ದರು. ಬಸವಣ್ಣೆಮ್ಮನೂ ಒಮ್ಮೆ ಬಂದು ನೋಡಿ, ಕಾರಿನಲ್ಲಿ ಗಂಡನಿಗೆ ಹೇಳಿದಳು.

"ಬಡವ್ರಿಗೊಂದು ಮನಿ ಆತು, ಪುಣ್ಯದ ಕೆಲಸ. ನೀವು ಬೇಕಂತ ಮಾಡಿದ್ದಲ್ಲ, ಅದೊಂದು ಬ್ಯಾಸರ ನೋಡ್ರಿ."

ಹಳೇ ಮನೆಯ ಪಡುವಣ ಗೋಡೆಯನ್ನು ಮುಷರಫ್ ತುಂಡು ತುಂಡಾಗಿ ಕೊಯ್ದು, ಗೋಣಿತಟ್ಟು ಸುತ್ತಿ, ಟ್ರಾಲಿಯಲ್ಲಿ ಭತ್ತದ ಹೊಟ್ಟು ಹಾಸಿ ಮಲಗಿಸಿದ. ಮಸ್ಕಿಯಿಂದ ಸಿಂಧನೂರಿನ ತನಕ ಸಂಗನಬಸವ ಕಾರಿನಲ್ಲಿ ಆ ಟ್ರಾಲಿಯ ಹಿಂದೆಯೇ ಬಂದ. ರಸ್ತೆಯ ಪ್ರತಿ ಉಬ್ಬಿಗೂ ಟ್ರಾಲಿಯ ಡ್ರೈವರನಿಗೆ ಕೈ ಮಾಡಿ ಮೆಲ್ಲಗೆ ಅನ್ನುತ್ತಿದ್ದ. ಹೆರಿಗೆಗೆ ಬಸವಣ್ಣೆಮ್ಮನನ್ನು ಕರೆದೊಯ್ಯುವಾಗ ಅಷ್ಟು ನಿಧಾನವಾಗಿ ಹೋಗಿರಲಿಲ್ಲವೆಂದು ಆಮೇಲೆ ಅವಳೇ ಹೇಳಿದಳು.

ಕಾಗದ ಬಿಡಿಸಲು ಹಬೆ ಕೊಡಬೇಕೆಂದು ವಿಡಿಯೋದಲ್ಲಿ ಹೇಳಿದ್ದರು. ಅವರು ಹೇಳಿದ್ದು ಸಣ್ಣ ಕೆಟಲಿನ ಹಬೆ. ಸಂಗನಬಸವನ ಮಿಲ್ಲಿನಲ್ಲಿ ಭತ್ತ ಕುದಿಸುವ ಬಾಯ್ಲರೇ ಇತ್ತು. ಇರುವಾಗ ಕೆಟಲು ಯಾಕೆ? ಗೋಡೆಯ ತುಂಡುಗಳನ್ನು ಸಾಲಾಗಿ ನಿಲ್ಲಿಸಿ, ಮಿಲ್ಲಿನ ಆಳುಗಳನ್ನೆಲ್ಲ ಸಾಕ್ಷಿಗೆ ನಿಲ್ಲಿಸಿಕೊಂಡು, ಹಬೆಯ ಪೈಪು ತಿರುಗಿಸಿದ. ಅಂಗಳವೆಲ್ಲ ಬಿಳಿ ಮೋಡ. ಮೋಡ ಸರಿದಾಗ ಗೋಡೆ ನಿಂತಲ್ಲಿ ಕೆಸರು ನಿಂತಿತ್ತು. ಕೆಸರಿನ ಮೇಲೆ ಸುಣ್ಣದ ಹಪ್ಪಳಗಳು ತೇಲುತ್ತಿದ್ದವು. ಅವನ್ನು ಎತ್ತಿ ತಿರುವಿ ನೋಡಿದರು. ಮೈದಾ ಅಂಟಿನ ರುಚಿಗೆ ಬಿದ್ದ ಗೆದ್ದಲು, ಅಂಟು ಹಚ್ಚಿದ ಕಡೆಯನ್ನೆಲ್ಲ ನಲವತ್ತು ವರ್ಷ ಕೂತು ತಿಂದು ಮುಗಿಸಿತ್ತು. ಅಂಟು ಹಚ್ಚಿದ್ದು ಚಿತ್ರದ ಕಡೆ. ಉಳಿದದ್ದು ಸುಣ್ಣ ಹಿಡಿದ ಬೆನ್ನಿನ ಕಾಗದ ಮಾತ್ರ. ಅಂಟು ಹತ್ತದೆ ಬಿಟ್ಟಿದ್ದ ಆ ಮೂಲೆಯ ತುದಿಯೊಂದೇ ಬದುಕಿತ್ತು. ಹುಬ್ಬು ಹಾಗೆಯೇ ಮೇಲಕ್ಕೆ ಎತ್ತಿಕೊಂಡಿತ್ತು.

ಆಳುಗಳು ಯಾರೂ ನಗಲಿಲ್ಲ. ಅವರಿಗೆ ಸಂಬಳ ಬೇಕಾಗಿತ್ತು.

ಸಂಗನಬಸವ ಸ್ನಾನವನ್ನೂ ಮಾಡದೆ ಕಾರು ಹತ್ತಿ ಮಸ್ಕಿಗೆ ಓಡಿದ. ದಾರಿಯುದ್ದಕ್ಕೂ ಏನೇನು ಅನ್ನಬೇಕು, ಯಾವ ಸ್ಟೇಷನ್ನಿಗೆ ಹೋಗಬೇಕು ಎಂದು ಲೆಕ್ಕ ಹಾಕಿದ. ಹೋಗಿ ನೋಡಿದರೆ ಹೊಸ ಮನೆಯ ಹಸಿರು ಕಟ್ಟೆಯ ಮೇಲೆ ಪಂಪಣ್ಣ ಮೊದಲೇ ಬಂದು ಕೂತಿದ್ದಾನೆ. ಪಂಪಣ್ಣನ ಮುಖದ ಮೇಲೂ ಮಣ್ಣು, ಅಂಗಿಯ ತೋಳಿಗೂ ಸುಣ್ಣ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಾಯಿಗೆ ಬಂದಿದ್ದ ಬೈಗುಳವನ್ನು ಸಂಗನಬಸವ ನುಂಗಿದ. ಬೈದರೆ ತನ್ನ ಗೋಡೆಯಲ್ಲಿ ಏನೂ ಸಿಗಲಿಲ್ಲವೆಂದು ಪಂಪಣ್ಣನಿಗೆ ಗೊತ್ತಾಗುತ್ತದೆ. ಪಂಪಣ್ಣನೂ ಅದೇ ಕಾರಣಕ್ಕೆ ಬಹಳ ಹೊತ್ತಿನಿಂದ ಸುಮ್ಮನೆ ಕೂತಿದ್ದ.

ಅಮೀನ್‌ಸಾಬರು ಚಹಾ ತರಿಸಿದರು. ಚಿತ್ರಗಳು ಹೇಗೆ ಬಂದವು ಎಂದು ಅಕ್ಕರೆಯಿಂದ ಕೇಳಿದರು.

"ಭಾಳ ಚಲೋ ಬಂದಾವ," ಅಂದ ಸಂಗನಬಸವ.

"ನನ್ನವೂ ಅಷ್ಟ. ಕಣ್ಣಾಗ ನೀರು ಬಂತು," ಅಂದ ಪಂಪಣ್ಣ. ಅದೊಂದು ಮಾತು ನಿಜವಿತ್ತು.

ಮುದುಕರಿಗೆ ಹಿಗ್ಗು ತಡೆಯಲಿಲ್ಲ. ಪೋಸ್ಟರಿನಲ್ಲಿದ್ದ ಟೋಪಿಯ ಹೆಂಗಸು ಬಂದಾಳೇನು ಎಂದು ಕೇಳಿದರು. ಇಬ್ಬರೂ ಬಂದಾಳೆ ಅಂದರು. ಹಾಗಾದರೆ ಆ ಪಿಕ್ಚರಿನ ಕಥೆ ಹೇಳುತ್ತೇನೆ ಎಂದು ಅವರು ಹೊರಸಿನ ಮೇಲೆ ಕಾಲು ಮಡಚಿ ಕೂತರು. ಟಾಕೀಸಿಗೆ ಬರುವ ಮಂದಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದಕ್ಕೆ ಟಾಕೀಸಿನ ಮಾಲಕ ಮೈಕನ್ನು ಅಮೀನ್‌ಸಾಬರ ಕೈಗೆ ಕೊಟ್ಟಿದ್ದ. ಪಿಕ್ಚರ್ ಓಡುವಾಗ ಅವರು ಕನ್ನಡದಲ್ಲಿ ಕಥೆ ಹೇಳಬೇಕು. ಇಂಗ್ಲಿಷ್ ಅವರಿಗೂ ಬರುತ್ತಿರಲಿಲ್ಲ. ಆ ಅಡ್ಡಿಯನ್ನು ಅವರು ಎಂದೂ ಮಂದಿಗೆ ತಿಳಿಯಗೊಡಲಿಲ್ಲ.

ಟೋಪಿಯ ಹೆಂಗಸು ಕಾಲುವೆ ಎಂಜಿನಿಯರನ ಮಗಳು. ಕರಿ ಕೋಟಿನವನು ತೂಬಿನ ಕೀಲಿ ಇಟ್ಟುಕೊಂಡಿರುವ ಮೋಸಗಾರ. ಮೇಲಿನ ಊರವರ ಹತ್ತಿರ ಕೈ ಬೆಚ್ಚಗೆ ಮಾಡಿಕೊಂಡು, ನೀರೆಲ್ಲ ಅಲ್ಲಿಗೇ ಬಿಟ್ಟು, ಕೆಳಗಿನವರ ಭತ್ತ ಒಣಗಿಸುತ್ತಾನೆ. ಕುದುರೆ ಏರಿ ಬರುವವನು ಕಾಲುವೆ ಕೊನೆಯ ಹಳ್ಳಿಯ ಹುಡುಗ. ಕೀಲಿ ಆ ಹೆಂಗಸಿನ ಟೋಪಿಯೊಳಗೆ ಇದೆ, ಅದು ಅವಳಿಗೇ ಗೊತ್ತಿಲ್ಲ. ಅಮೀನ್‌ಸಾಬರು ಪಿಸ್ತೂಲಿನ ಸದ್ದನ್ನು ತೊಡೆ ತಟ್ಟಿ ಮಾಡಿದರು, ಕುದುರೆಯನ್ನು ನಾಲಿಗೆಯಲ್ಲಿ ಓಡಿಸಿದರು. ಮುದ್ದು ಕೊಡುವಾಗ ಏನು ಹೇಳುತ್ತಿದ್ದಿರಿ ಎಂದು ಪಂಪಣ್ಣ ಕೇಳಿದ. ಮಂದಿಯಲ್ಲಿ ಹೆಣ್ಣುಮಕ್ಕಳು ಇರುತ್ತಿದ್ದರು, ತೂಬಿನ ಗುಟ್ಟು ಕಿವಿಯಲ್ಲಿ ಹೇಳಾಕತ್ತಾನ ಅಂತಿದ್ದೆ ಎಂದರು ಅವರು.

ಸಂಗನಬಸವನ ಚಹಾ ಕೈಯಲ್ಲೇ ಆರಿಹೋಯಿತು. ಬಂದ ಫೋನು ಕತ್ತರಿಸಿದ. ಗೋಡೆಯನ್ನು ಮರೆತ, ಗೀಸರನ್ನು ಮರೆತ, ಬಾಯಿ ತೆರೆದುಕೊಂಡು ಕೇಳಿದ. ತೂಬಿನ ಬಾಗಿಲು ಎದ್ದು ನೀರು ಕೆಳಗಿನ ಗದ್ದೆಗೆ ನುಗ್ಗುವಾಗ ಅವನು ಕೂತಲ್ಲಿಂದ ಅರ್ಧ ಎದ್ದೇಬಿಟ್ಟ. ಅಕ್ಕಿ ವ್ಯಾಪಾರಿಯಾದ ಅವನಿಗೆ ಕೊನೆಯ ಹಳ್ಳಿಗೆ ನೀರು ಮುಟ್ಟುವುದೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಕಥೆ ಮುಗಿದಾಗ ಹೊತ್ತು ಇಳಿದಿತ್ತು. ಇಬ್ಬರು ಸಾಹುಕಾರರೂ ಎದ್ದು, ಒಬ್ಬ ಮೂಡಣಕ್ಕೆ ಒಬ್ಬ ಪಡುವಣಕ್ಕೆ ಹೊರಟುಹೋದರು. ಯಾರೂ ಯಾರನ್ನೂ ಬೈಯಲಿಲ್ಲ.

ಒಂದು ವಾರ ಹುಬ್ಬಿನ ತುಂಡು ಸಂಗನಬಸವನ ಟ್ರೆಜರಿ ಕಪಾಟಿನಲ್ಲೇ ಇತ್ತು. ಆಮೇಲೆ ಅದಕ್ಕೆ ಬಾಗಿಲಿನಷ್ಟು ದೊಡ್ಡ ಚೌಕಟ್ಟು ಹಾಕಿಸಿ ಹಾಲ್‌ನ ನಡುಗೋಡೆಗೆ ತೂಗುಹಾಕಿದ. ಅದಕ್ಕೆ ಬಸವಣ್ಣೆಮ್ಮ ಪರದೆ ಹೊಲಿಯಲಿಲ್ಲ, ಒಂದು ಹುಬ್ಬಿನಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ. ಬಂದವರಿಗೆ ಅವನು ಅಮೆರಿಕದವರು ಮರೆತ ಬಹಳ ಅಪರೂಪದ ಸಿನಿಮಾ ಇದು ಎಂದು ಹೇಳಿ, ತೂಬಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ತಾನೇ ಕಣ್ಣಾರೆ ನೋಡಿದ್ದೇನೆ ಅಂದ. ಮ್ಯಾನೇಜರು ತಲೆದೂಗಿದರು. ಅಮೆರಿಕದಲ್ಲೂ ತೂಬು ಇರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಕಾಲುವೆಯ ಕೊನೆ ಭಾಗದಿಂದ ಭತ್ತ ತಂದಿದ್ದ ಇಬ್ಬರು ರೈತರು ಮಾತ್ರ ಕಥೆ ಕೇಳಿ, ಆ ಮೋಸಗಾರ ಅಲ್ಲಿಗೂ ಹೋಗ್ಯಾನೇನು ಎಂದು ನಿಟ್ಟುಸಿರು ಬಿಟ್ಟರು.

ವಿಚಿತ್ರವೆಂದರೆ ಬಸವಣ್ಣೆಮ್ಮನೂ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳತೊಡಗಿದಳು. ಒಂದು ದಿನ ಕಥೆ ಮುಗಿದ ಮೇಲೆ, ಎಂಜಿನಿಯರನ ಮಗಳು ಆಮೇಲೆ ಏನಾದಳು, ಅಪ್ಪನ ಮನೆಗೆ ಹೋದಳೋ ಆ ಹುಡುಗನ ಹಳ್ಳಿಗೆ ಹೋದಳೋ ಎಂದು ಗಂಡನನ್ನು ಕೇಳಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಒಂದು ವಿಷಯ ತಿಳಿಯಲೆಂದು ಕೇಳಿದ್ದು ಅದೇ ಮೊದಲು. ಸಂಗನಬಸವನಿಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಬೆಳಗ್ಗೆಯೇ ಮಸ್ಕಿಗೆ ಹೋದ.

ಅಮೀನ್‌ಸಾಬರು ಸಂತೋಷದಿಂದ ಕೂಡಿಸಿಕೊಂಡು ಮತ್ತೆ ಕಥೆ ಹೇಳಿದರು. ಈ ಸಲ ಟೋಪಿಯ ಹೆಂಗಸು ಎಂಜಿನಿಯರನ ಮಗಳಲ್ಲ, ಮುದಗಲ್ಲಿನ ವೈದ್ಯನ ತಂಗಿ. ತೂಬು ಇಲ್ಲ, ಕೀಲಿ ಇಲ್ಲ. ಕುದುರೆಯವನು ಕಳುವಾದ ಎತ್ತು ಹುಡುಕುತ್ತಿದ್ದಾನೆ. ಸಂಗನಬಸವ ಎರಡು ಸಲ ತಡೆದು ತಿದ್ದಿದ. ಇಲ್ರಿ, ಅಕಿ ಎಂಜಿನಿಯರನ ಮಗಳು, ನಾ ಪಿಕ್ಚರ್ ನೋಡೀನಿ ಅಂದ. ಅಮೀನ್‌ಸಾಬರು ಅವನ ಮುಖ ನೋಡಿ, ಇರಬಹುದು ಸಾಹುಕಾರ್ರೇ ಎಂದು ಎತ್ತಿನ ಕಥೆಯನ್ನೇ ಮುಂದುವರಿಸಿದರು.

ಮನೆಗೆ ಬಂದವನು ಹೆಂಡತಿಯ ಮುಂದೆ ಚಪ್ಪಲಿ ಬಿಡುತ್ತ, ಮರುಗುವ ದನಿಯಲ್ಲಿ ಹೇಳಿದ.

"ಮುದುಕಗ ವಯಸ್ಸಾಗ್ಯದ ಪಾಪ. ಪಿಕ್ಚರ್ ಎಲ್ಲಾ ಮರೆತುಬಿಟ್ಟಾನ."